ಕೋಡಿಯ ಮಠದ ಪಂಕ್ತಿ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನಲ್ಲಿ, ಶಿರಾಳಕೊಪ್ಪದ ಪಕ್ಕದಲ್ಲೇ, ಬಳ್ಳಿಗಾವಿ ಎಂಬ ಹಳ್ಳಿಯಿದೆ. ಇಂದು ಅದು ಗದ್ದೆ ತೋಟಗಳ ನಡುವಿನ ಒಂದು ಸಾಧಾರಣ ಊರು. ಒಂಬೈನೂರು ವರ್ಷಗಳ ಹಿಂದೆ ಅದೇ ಬನವಾಸಿ ಹನ್ನೆರಡು ಸಾಸಿರದ ರಾಜಧಾನಿಯಾಗಿತ್ತು. ಅಲ್ಲಮಪ್ರಭುವಿನ ಊರೆಂದು ನಾವು ಅದನ್ನು ನೆನೆಯುತ್ತೇವೆ; ಕೇದಾರೇಶ್ವರ ದೇವಾಲಯದ ಶಿಲ್ಪಕ್ಕಾಗಿ ಪ್ರವಾಸಿಗರು ಅಲ್ಲಿಗೆ ಹೋಗುತ್ತಾರೆ. ಆದರೆ ಆ ದೇವಾಲಯಕ್ಕೆ ಸೇರಿದ್ದ ಮಠವೊಂದರ ಕಥೆ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

ಕೇದಾರೇಶ್ವರ ತ್ರಿಕೂಟ ದೇವಾಲಯ. ಅಂದರೆ ಒಂದೇ ಮಂಟಪಕ್ಕೆ ತೆರೆದುಕೊಳ್ಳುವ ಮೂರು ಗರ್ಭಗುಡಿಗಳು. ಶಿವಲಿಂಗಗಳ ಜೊತೆ ವಿಷ್ಣುವಿಗೂ ಅಲ್ಲಿ ಜಾಗವಿದೆ. ಕೆರೆಯ ಬಳಿಯ ಈ ದೇವಾಲಯವನ್ನು ನೋಡಿಕೊಳ್ಳುತ್ತಿದ್ದುದು ಕೋಡಿಯ ಮಠ. ಅದರ ಯತಿಗಳು ಕಾಳಾಮುಖರೆಂಬ ಶೈವ ಪಂಥದವರು.

ಕಾಳಾಮುಖರೆಂದರೆ ಯಾರು? ಅವರನ್ನು ಒಪ್ಪದವರ ಗ್ರಂಥಗಳನ್ನು ಕೇಳಿದರೆ ಭಯಂಕರ ಚಿತ್ರವೇ ಸಿಗುತ್ತದೆ. ತಲೆಬುರುಡೆಯಲ್ಲಿ ಉಣ್ಣುವವರು, ಹೆಣದ ಬೂದಿ ಬಳಿದುಕೊಳ್ಳುವವರು ಎಂದು ರಾಮಾನುಜರ ಶ್ರೀಭಾಷ್ಯ ಅವರನ್ನು ವರ್ಣಿಸುತ್ತದೆ. ಬಹುಕಾಲ ವಿದ್ವಾಂಸರೂ ಅದನ್ನೇ ನಂಬಿದ್ದರು. ಕಾಪಾಲಿಕರ ಆಚರಣೆಗಳನ್ನು ಕಾಳಾಮುಖರ ತಲೆಗೆ ಕಟ್ಟಲಾಗಿದೆ ಎಂಬುದನ್ನು ಡೇವಿಡ್ ಲೊರೆಂಜನ್ 1972ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಅವರಿಗೆ ಆಧಾರವಾದದ್ದು ಮುಖ್ಯವಾಗಿ ನಮ್ಮ ಕರ್ನಾಟಕದ ಶಾಸನಗಳು. ಬಳ್ಳಿಗಾವಿಯ ಆ ಕಲ್ಲುಗಳನ್ನು ಬಿ. ಎಲ್. ರೈಸ್ 1902ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಅಚ್ಚುಹಾಕಿಸಿದ್ದರು.

ಅವುಗಳಲ್ಲಿ 1162ರ ಶಾಸನ ಅಮೂಲ್ಯವಾದುದು. ಆಗ ದೊರೆ ಕಳಚುರಿ ಬಿಜ್ಜಳ. ಕಲ್ಯಾಣದಲ್ಲಿ ಬಸವಣ್ಣನವರು ಯಾರ ಬಳಿ ಅಧಿಕಾರಿಯಾಗಿದ್ದರೋ ಅದೇ ಬಿಜ್ಜಳ. ಮಠದ ಆಚಾರ್ಯ ವಾಮಶಕ್ತಿ. ಮಠದಲ್ಲಿ ಏನೇನು ನಡೆಯುತ್ತಿತ್ತು ಎಂಬುದನ್ನು ಶಾಸನ ಒಂದೊಂದಾಗಿ ಹೇಳುತ್ತದೆ. ನಾಲ್ಕು ವೇದಗಳ ಓದು, ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನ, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಯೋಗ, ಹದಿನೆಂಟು ಪುರಾಣ, ಕಾವ್ಯ, ನಾಟಕ. ಈ ಪಟ್ಟಿಯಲ್ಲಿ ಬೌದ್ಧ ದರ್ಶನವೂ ಇದೆ. ಶೈವ ಮಠದ ವಿದ್ಯಾರ್ಥಿ ಬುದ್ಧನ ಮಾತನ್ನೂ ಓದಬೇಕಿತ್ತು!

ಓದಿನ ಪಟ್ಟಿಯ ನಂತರ ಊಟದ ಪಟ್ಟಿ ಬರುತ್ತದೆ. ಬಡವರು, ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರು. ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು. ಏಕದಂಡಿ, ತ್ರಿದಂಡಿ ಸನ್ಯಾಸಿಗಳು, ಜೈನ ಕ್ಷಪಣಕರು, ನಾನಾ ದೇಶಗಳಿಂದ ಬಂದ ಭಿಕ್ಷುಕರು. ಇವರಿಗೆಲ್ಲ ಅಲ್ಲಿ ಅನ್ನವಿತ್ತು. ಅನಾಥ ರೋಗಿಗಳಿಗೆ ಔಷಧವಿತ್ತು. ಸಕಲ ಜೀವಿಗಳಿಗೂ ಅದು ಅಭಯದ ತಾಣವೆಂದು ಶಾಸನ ಹೇಳುತ್ತದೆ.

ಹಾಗಾದರೆ ಅಲ್ಲಿ ಮತಭೇದವೇ ಇರಲಿಲ್ಲವೇ? ಖಂಡಿತ ಇತ್ತು. ಅದೇ ಊರಿನಲ್ಲಿ ಕಾಳಾಮುಖರ ಇನ್ನೊಂದು ಸ್ಥಾನವಾದ ಪಂಚಲಿಂಗಕ್ಕೆ ಚಾಲುಕ್ಯ ದೊರೆ ಎರಡನೆಯ ಜಯಸಿಂಹ 1036ರ ಸುಮಾರಿಗೆ ದಾನ ಕೊಟ್ಟ. ದಾನ ಪಡೆದ ಲಕುಲೀಶ್ವರ ಪಂಡಿತನನ್ನು ಆ ಶಾಸನ ಹೊಗಳುವುದೇ ಬೌದ್ಧರನ್ನೂ ಮೀಮಾಂಸಕರನ್ನೂ ಲೋಕಾಯತರನ್ನೂ ವಾದದಲ್ಲಿ ಸೋಲಿಸಿದವನೆಂದು. ಹೀಗೆ ಸೋತರೆನ್ನಲಾದ ಬೌದ್ಧರು ಊರು ಬಿಟ್ಟು ಹೋಗಲಿಲ್ಲ. 1065ರಲ್ಲಿ ರೂಪಭಟ್ಟಯ್ಯನೆಂಬ ಅಧಿಕಾರಿ ಅಲ್ಲೇ ಜಯಂತಿ ಬೌದ್ಧ ವಿಹಾರವನ್ನು ಕಟ್ಟಿಸಿದ. ಜೈನ ಬಸದಿಗಳೂ ಊರಲ್ಲಿದ್ದವು. ವಾದ ವಾದದ ಜಾಗದಲ್ಲಿ ನಡೆಯುತ್ತಿತ್ತು. ಎದುರಾಳಿಯ ತಟ್ಟೆಗೆ ಅದು ಕೈ ಹಾಕುತ್ತಿರಲಿಲ್ಲ.

ಶಾಸನವೆಂದರೆ ಹೊಗಳಿಕೆ, ಅದನ್ನು ಪೂರ್ತಿ ನಂಬಬಹುದೇ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಶಾಸನದ ಕವಿ ತನ್ನ ಮಠದ ತಪ್ಪುಗಳನ್ನು ಕಲ್ಲಿನಲ್ಲಿ ಕೊರೆಯಿಸುವುದಿಲ್ಲ. ಆ ಕಾಲದ ಸಮಾಜದಲ್ಲಿ ಮೇಲುಕೀಳುಗಳು ಇರಲಿಲ್ಲವೆಂದೂ ನಾವು ಹೇಳುತ್ತಿಲ್ಲ. ಆದರೆ ಒಂದು ಕಾಲ ಯಾವುದನ್ನು ಹೊಗಳಿಕೆಗೆ ಯೋಗ್ಯವೆಂದು ತಿಳಿದಿತ್ತು ಎಂಬುದೂ ಇತಿಹಾಸವೇ. ಹನ್ನೆರಡನೆಯ ಶತಮಾನದ ಬಳ್ಳಿಗಾವಿಯಲ್ಲಿ ಮಠವೊಂದರ ದೊಡ್ಡಸ್ತಿಕೆಯನ್ನು ಸಾರಲು ಹೊರಟವನು, ಅಲ್ಲಿ ಅನ್ಯಮತದವನೂ ಉಣ್ಣುತ್ತಾನೆ, ಗತಿಯಿಲ್ಲದ ರೋಗಿಗೂ ಮದ್ದು ಸಿಗುತ್ತದೆ ಎಂದು ಬರೆದ. ಅದು ಊರಿನ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುವ ಮಾತಾಗಿತ್ತು.

ಕಾಳಾಮುಖರು ಈಗಿಲ್ಲ. ಕಾಲಾಂತರದಲ್ಲಿ ಅವರ ಅನೇಕ ಮಠಗಳು ವೀರಶೈವದೊಳಗೆ ಸೇರಿಹೋದವೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಕಲ್ಲಿನ ದೇವಾಲಯ ಉಳಿಯಿತು, ಕೋಡಿಯ ಮಠದ ಪಾಠವೂ ಪಂಕ್ತಿಯೂ ನಿಂತುಹೋದವು. ವೈರಿಗಳು ಬರೆದಿಟ್ಟ ಚಿತ್ರವೊಂದೇ ನಮಗೆ ದಕ್ಕಿದ್ದರೆ ಇಂದಿಗೂ ಅವರು ತಲೆಬುರುಡೆಯ ಜನರಾಗಿಯೇ ಉಳಿಯುತ್ತಿದ್ದರು. ಒಂದು ಸಮುದಾಯವನ್ನು ಅರಿಯಬೇಕಾದರೆ ಅದರ ಅಡುಗೆಮನೆಯನ್ನೂ ಪಾಠಶಾಲೆಯನ್ನೂ ನೋಡಬೇಕೆಂದು ಬಳ್ಳಿಗಾವಿಯ ಕಲ್ಲು ನಮಗೆ ಹೇಳುತ್ತಿದೆ.