ಎರಡು ತುದಿಗಳ ನಡುವಿನ ವೇಗ: ಟಿಟಿಸಿಪಿಯಿಂದ ಐಪರ್ಫ್‌ವರೆಗಿನ ಚರಿತ್ರೆ ಮತ್ತು ಪುತ್ತೂರು, ಸುಳ್ಯ, ಕಡಬ

ಪೀಠಿಕೆ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಇಂಟರ್‌ನೆಟ್ ಬಗ್ಗೆ ಕೇಳಿಬರುವ ದೂರು ಎರಡು ಬಗೆಯದು. ಗುಡ್ಡದ ಮರೆಯ ಮನೆಗಳಿಗೆ ರೇಂಜ್ ಇಲ್ಲ ಎಂಬುದು ಒಂದು. ರೇಂಜ್ ಇದ್ದರೂ, ಮನೆಬಾಗಿಲಿಗೆ ಫೈಬರ್ ಬಂದಿದ್ದರೂ ಹೇಳಿದಷ್ಟು ವೇಗ ಸಿಗುವುದಿಲ್ಲ ಎಂಬುದು ಇನ್ನೊಂದು. ಮೊದಲನೆಯದು ಫೋನಿನ ಪರದೆಯಲ್ಲೇ ಕಾಣುತ್ತದೆ. ಎರಡನೆಯದನ್ನು ಅಳೆದೇ ತಿಳಿಯಬೇಕು.

ಒಂದು ಸಂಪರ್ಕ ಗರಿಷ್ಠ ಎಷ್ಟು ಹೊರಬಲ್ಲದೋ ಅದು ಬ್ಯಾಂಡ್‌ವಿಡ್ತ್. ಒಂದು ಯಂತ್ರದಿಂದ ಇನ್ನೊಂದಕ್ಕೆ ವಾಸ್ತವವಾಗಿ ಎಷ್ಟು ದತ್ತಾಂಶ ತಲುಪಿತೋ ಅದು ಥ್ರೂಪುಟ್. ಇದನ್ನು ಆಜ್ಞಾಸಾಲಿನ ಉಪಕರಣಗಳಿಂದ ಅಳೆದ ನಾಲ್ಕು ದಶಕಗಳ ಚರಿತ್ರೆಯನ್ನು ಈ ಲೇಖನ ಪರಿಶೀಲಿಸುತ್ತದೆ. ಇದರ ವಾದ ಇಷ್ಟು: ಥ್ರೂಪುಟ್ ಎರಡು ತುದಿಗಳಿಗೂ ಸೇರಿದ ಸಂಗತಿ, ಆಚೆಯ ತುದಿ ಎಲ್ಲಿದೆಯೆಂದು ಹೇಳದ ಅಂಕಿ ಅರ್ಧ ಸತ್ಯ.

ಪ್ರಯೋಗಾಲಯದ ಕಾಲ

ಅಮೆರಿಕ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾ ಪ್ರಯೋಗಾಲಯದ ಮೈಕ್ ಮೂಸ್ 1983ರ ಡಿಸೆಂಬರ್‌ನಲ್ಲಿ ಪಿಂಗ್ ಬರೆದರು. ಎದುರಿನ ಯಂತ್ರ ಬದುಕಿದೆಯೇ, ಉತ್ತರ ಬರಲು ಎಷ್ಟು ಹೊತ್ತು ಎಂದಷ್ಟೇ ಪಿಂಗ್ ಹೇಳುತ್ತಿತ್ತು. ಮರುವರ್ಷ ಟೆರಿ ಸ್ಲ್ಯಾಟರಿ ಮತ್ತು ಮೂಸ್ ರೂಪಿಸಿದ ಟಿಟಿಸಿಪಿ ಮುಂದಿನ ಪ್ರಶ್ನೆ ಕೇಳಿತು: ಸಾಗುವ ಸರಕು ಎಷ್ಟು? ಒಂದು ಯಂತ್ರ ಕಳಿಸುತ್ತದೆ, ಇನ್ನೊಂದು ಸ್ವೀಕರಿಸುತ್ತದೆ. ತಲುಪಿದ ಬೈಟುಗಳನ್ನು ಹಿಡಿದ ಕಾಲದಿಂದ ಭಾಗಿಸಿದರೆ ಉತ್ತರ. ದತ್ತಾಂಶವನ್ನು ಸ್ಮೃತಿಯಲ್ಲೇ ಸೃಷ್ಟಿಸಿ ಕಳಿಸುವುದರಿಂದ ಡಿಸ್ಕಿನ ನಿಧಾನಗತಿ ಲೆಕ್ಕಕ್ಕೆ ಸೇರುವುದಿಲ್ಲ.

ಇಂಥ ಮಾಪನ ಏಕೆ ಬೇಕೆಂಬುದು 1986ರ ಅಕ್ಟೋಬರ್‌ನಲ್ಲಿ ಸ್ಪಷ್ಟವಾಯಿತು. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣಕ್ಕೂ ನಡುವಿನ ಅಂತರ ಸುಮಾರು 400 ಗಜ. ಅಷ್ಟರಲ್ಲೇ ಥ್ರೂಪುಟ್ ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ತಂತಿ ಕಡಿದಿರಲಿಲ್ಲ. ಕಳೆದುಹೋದ ಪ್ಯಾಕೆಟ್‌ಗಳನ್ನು, ಅಂದರೆ ದತ್ತಾಂಶದ ತುಣುಕುಗಳನ್ನು, ಯಂತ್ರಗಳು ಮತ್ತೆ ಮತ್ತೆ ಕಳಿಸಿ ದಾರಿಯನ್ನೇ ಕಟ್ಟಿಹಾಕಿದ್ದವು. ವ್ಯಾನ್ ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದ ದಟ್ಟಣೆ ನಿಯಂತ್ರಣದ ವಿಧಾನಗಳು ಇಂಟರ್‌ನೆಟ್‌ನ ಸಾಗಣೆ ನಿಯಮವಾದ ಟಿಸಿಪಿಯ ಅಂಗವಾದವು. ಎಚ್‌ಪಿಯ ರಿಕ್ ಜೋನ್ಸ್ 1990ರ ದಶಕದಲ್ಲಿ ರೂಪಿಸಿದ ನೆಟ್‌ಪರ್ಫ್, ಸಾಗಣೆಯ ಜೊತೆಗೆ ಪ್ರಶ್ನೋತ್ತರದ ವೇಗವನ್ನೂ ಅಳೆಯಿತು.

ಐಪರ್ಫ್: ದೂರದ ಲೆಕ್ಕ

ಟಿಸಿಪಿಯಲ್ಲಿ ಕಳಿಸುವ ಯಂತ್ರ ಒಂದು ಮಿತಿಯಷ್ಟು ಕಳಿಸಿ ರಶೀದಿಗಾಗಿ ಕಾಯಬೇಕು. ಮೂಲ ವಿನ್ಯಾಸದಲ್ಲಿ ಈ ‘ವಿಂಡೋ’ದ ಗರಿಷ್ಠ ಗಾತ್ರ 65,535 ಬೈಟು. ಹೋಗಿ ಬರಲು 40 ಮಿಲಿಸೆಕೆಂಡ್ ಹಿಡಿದರೆ, ಸಂಪರ್ಕ 100 ಎಂಬಿಪಿಎಸ್‌ನದಾದರೂ ಸಿಗುವುದು ಸುಮಾರು 13 ಎಂಬಿಪಿಎಸ್. 10 ಮಿಲಿಸೆಕೆಂಡ್ ಆದರೆ 52. ವಿಂಡೋ ಹಿಗ್ಗಿಸುವ ವಿಧಾನ 1992ರಲ್ಲಿ ಪ್ರಕಟವಾಯಿತು. ಆದರೆ ಎಷ್ಟು ಹಿಗ್ಗಿಸಬೇಕೆಂದು ತಿಳಿಯಲು ಬೇರೆ ಬೇರೆ ಗಾತ್ರದಲ್ಲಿ ಪರೀಕ್ಷಿಸಬಲ್ಲ ಉಪಕರಣ ಬೇಕಿತ್ತು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಎನ್‌ಎಲ್‌ಎಎನ್‌ಆರ್ ತಂಡದ ಐಪರ್ಫ್ ಆ ಕೊರತೆ ತುಂಬಿತು. ರಶೀದಿಗೆ ಕಾಯದೆ ಕಳಿಸುವ ಅದರ ಯುಡಿಪಿ ಪರೀಕ್ಷೆ ಪ್ಯಾಕೆಟ್ ನಷ್ಟವನ್ನೂ ತಲುಪುವ ಸಮಯದಲ್ಲಿನ ಜಿಟ್ಟರ್ ಎಂಬ ಏರಿಳಿತವನ್ನೂ ತೋರಿಸಿತು. ಅಮೆರಿಕದ ಇಂಧನ ಇಲಾಖೆಯ ಸಂಶೋಧನಾ ಜಾಲವಾದ ಇಎಸ್‌ನೆಟ್ ಇದನ್ನು ಹೊಸದಾಗಿ ಬರೆದು 2014ರಲ್ಲಿ ಐಪರ್ಫ್3 ಹೊರತಂದಿತು. ಹಳೆಯದಕ್ಕೂ ಹೊಸದಕ್ಕೂ ಹೊಂದಾಣಿಕೆಯಿಲ್ಲ: ಹಳೆಯದರ ರೂಢಿಯ ಪೋರ್ಟ್ 5001, ಹೊಸದರದು 5201.

ನಷ್ಟದ ಪರಿಣಾಮಕ್ಕೂ ಸೂತ್ರವುಂಟು. ಮ್ಯಾಥಿಸ್ ಮತ್ತು ಸಂಗಡಿಗರು 1997ರಲ್ಲಿ ಕೊಟ್ಟ ಸಮೀಕರಣದಂತೆ, 40 ಮಿಲಿಸೆಕೆಂಡ್ ದೂರದಲ್ಲಿ ನೂರಕ್ಕೊಂದು ಪ್ಯಾಕೆಟ್ ಕಳೆದರೆ ಒಂದು ಟಿಸಿಪಿ ಹರಿವಿಗೆ ಸಿಗುವುದು ಸುಮಾರು 3.5 ಎಂಬಿಪಿಎಸ್, ಹತ್ತು ಸಾವಿರಕ್ಕೊಂದು ಕಳೆದರೆ ಸುಮಾರು 35. ದಟ್ಟಣೆ ನಿಯಂತ್ರಣದ ಈಚಿನ ಕ್ಯೂಬಿಕ್, ಬಿಬಿಆರ್ ವಿಧಾನಗಳಲ್ಲಿ ಲೆಕ್ಕ ಬದಲಾಗುತ್ತದಾದರೂ ನಷ್ಟ ಮತ್ತು ದೂರ ಎರಡನ್ನೂ ನೋಡಬೇಕೆಂಬ ಪಾಠ ಉಳಿದಿದೆ.

ಗ್ರಾಹಕ ಮತ್ತು ನಿಯಂತ್ರಕ

ಊಕ್ಲಾದ ಸ್ಪೀಡ್‌ಟೆಸ್ಟ್ 2006ರಲ್ಲಿ ಮಾಪನವನ್ನು ಬ್ರೌಸರಿಗೆ ತಂದಿತು. ಅದು ಸಾಮಾನ್ಯವಾಗಿ ಹತ್ತಿರದ ಸರ್ವರನ್ನೇ ಆರಿಸುತ್ತದೆ. ಬಂದ ಅಂಕಿ ಆ ಸರ್ವರ್‌ವರೆಗಿನ ದಾರಿಯದು ಮಾತ್ರ. ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಎನ್ನಲು ಬೇಕಾದ ಕನಿಷ್ಠ ವೇಗ 2004ರ ನೀತಿಯಲ್ಲಿ 256 ಕೆಬಿಪಿಎಸ್, 2013ರಲ್ಲಿ 512, 2023ರಲ್ಲಿ 2 ಎಂಬಿಪಿಎಸ್. ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ 2016ರಲ್ಲಿ ತಂದ ಮೈಸ್ಪೀಡ್ ಆ್ಯಪ್‌ನಿಂದ ಬಳಕೆದಾರರೇ ಅಳೆದು ಫಲಿತಾಂಶವನ್ನು ನಿಯಂತ್ರಕರಿಗೆ ಕಳಿಸುವಂತಾಯಿತು.

ಮೂರು ತಾಲೂಕುಗಳಲ್ಲಿ

ಬಿಎಸ್‌ಎನ್‌ಎಲ್ 2005ರಲ್ಲಿ ಆರಂಭಿಸಿದ ಡಾಟಾಒನ್ ಬ್ರಾಡ್‌ಬ್ಯಾಂಡ್ ಸೇವೆ ತಾಮ್ರದ ದೂರವಾಣಿ ತಂತಿಯಲ್ಲೇ ಬಂತು. ಎಕ್ಸ್‌ಚೇಂಜಿನಿಂದ ಮನೆ ದೂರವಾದಷ್ಟೂ ಅದರ ವೇಗ ಇಳಿಯುತ್ತದೆ. ಇಲ್ಲಿನ ಮನೆಗಳೋ ಕೇರಿಗಟ್ಟಿ ಕೂತವಲ್ಲ, ತೋಟಕ್ಕೊಂದರಂತೆ ಹರಡಿದವು. ಹೀಗಾಗಿ ಪುತ್ತೂರು ಪೇಟೆಗೆ ಒಗ್ಗಿದ ತಂತ್ರಜ್ಞಾನ ಒಳಗಿನ ಗ್ರಾಮಗಳಿಗೆ ಒಗ್ಗುವಂತಿರಲಿಲ್ಲ.

2011ರಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ, ಅಂದರೆ ಇಂದಿನ ಭಾರತ್‌ನೆಟ್, ಪ್ರತಿ ಗ್ರಾಮ ಪಂಚಾಯತ್‌ಗೆ 100 ಎಂಬಿಪಿಎಸ್ ಗುರಿ ಇಟ್ಟುಕೊಂಡಿತು. ಅದು ಪಂಚಾಯತ್ ಕಟ್ಟಡದವರೆಗಿನ ಲೆಕ್ಕ. ಅಲ್ಲಿಂದಾಚೆಯ ವಾಸ್ತವ ಕೋವಿಡ್ ಕಾಲದಲ್ಲಿ ಬಯಲಾಯಿತು: 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಸಮೀಪದ ಬಳ್ಳಕ್ಕದಲ್ಲಿ, ರಸ್ತೆಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರ ದೇಶದೆಲ್ಲೆಡೆ ಹರಡಿತು.

ಫೈಬರ್ ತಲುಪಿದಲ್ಲೂ ದೂರದ ಪ್ರಶ್ನೆ ಮುಗಿಯುವುದಿಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಸುಳ್ಯದಿಂದ ಬೆಂಗಳೂರಿಗೆ 300 ಕಿಲೋಮೀಟರ್ ಎಂದು ಹಿಡಿದರೆ ಹೋಗಿ ಬರಲು 3 ಮಿಲಿಸೆಕೆಂಡ್ ಸಾಕು. ಪಿಂಗ್‌ನಲ್ಲಿ ಅದರ ಹಲವು ಪಟ್ಟು ಕಂಡರೆ ಕಾರಣ ಹೆಚ್ಚಾಗಿ ಸುತ್ತುದಾರಿ ಅಥವಾ ನಡುವಿನ ಉಪಕರಣಗಳಲ್ಲಿನ ಸರದಿ. ಮನೆಯ ರೂಟರ್ ಬದಲಿಸಿದರೆ ಅದು ಸರಿಹೋಗದು. ದೋಷದ ಜಾಗವನ್ನು ಗುರುತಿಸಲು ಮೂರು ಹಂತದ ಪರೀಕ್ಷೆ ಬೇಕು: ಮನೆಯೊಳಗಿನ ಎರಡು ಯಂತ್ರಗಳ ನಡುವೆ, ಮನೆಯಿಂದ ತಾಲೂಕು ಕೇಂದ್ರಕ್ಕೆ, ಅಲ್ಲಿಂದ ಬೆಂಗಳೂರಿಗೆ. ಎರಡೂ ತುದಿಗಳನ್ನು ನಾವೇ ಆರಿಸಬಹುದಾದ ಐಪರ್ಫ್‌ನಂಥ ಉಪಕರಣದಿಂದಲೇ ಇದು ಸಾಧ್ಯ.

ಉಪಸಂಹಾರ

ಸುಳ್ಯದಲ್ಲಿ 1986ರಿಂದ ಕೆ.ವಿ.ಜಿ. ಇಂಜಿನಿಯರಿಂಗ್ ಕಾಲೇಜು, ಪುತ್ತೂರಿನಲ್ಲಿ 2001ರಿಂದ ವಿವೇಕಾನಂದ ಇಂಜಿನಿಯರಿಂಗ್ ಕಾಲೇಜು ಇವೆ. ಪುತ್ತೂರು, ಸುಳ್ಯಗಳ ಗ್ರಾಮಗಳಿಂದ ರೂಪುಗೊಂಡ ಕಡಬಕ್ಕೆ ಈಗ ತನ್ನದೇ ತಾಲೂಕು ಆಡಳಿತವಿದೆ. ಈ ಕಾಲೇಜುಗಳು ಒಂದೊಂದು ಐಪರ್ಫ್3 ಸರ್ವರ್ ಇಟ್ಟು, ಪಂಚಾಯತ್ ಕಚೇರಿಗಳಿಂದ ಬೇಸಿಗೆಯಲ್ಲೂ ಮಳೆಗಾಲದಲ್ಲೂ ಅಳೆದು, ದಿನಾಂಕ, ಹೊತ್ತು, ಎರಡೂ ತುದಿ, ನಷ್ಟ, ಹೋಗಿಬರುವ ಸಮಯಗಳ ಸಹಿತ ದಾಖಲಿಸಬೇಕು. ಸಾಫ್ಟ್‌ವೇರ್ ಉಚಿತ, ಯಂತ್ರ ಸಾಧಾರಣದ್ದು ಸಾಕು. ಅಂಥ ದಾಖಲೆಯಿದ್ದರೆ ‘ನೆಟ್ ನಿಧಾನ’ ಎಂಬ ದೂರನ್ನು ಯಾರ ಮುಂದಿಡಬೇಕೆಂಬುದು ತಿಳಿಯುತ್ತದೆ, ಅದನ್ನು ತಳ್ಳಿಹಾಕುವುದೂ ಕಷ್ಟವಾಗುತ್ತದೆ.