ಸೆಕೆಂಡ್ ಹ್ಯಾಂಡ್ ನ್ಯಾನೋ ಕೊಳ್ಳುತ್ತಿದ್ದೀರಾ? ಬೆಂಕಿ ದೂರು, ಸ್ಟಾರ್ಟರ್ ತೊಂದರೆ, ಶೂನ್ಯ ಸ್ಟಾರ್: ಮುಂಬೈ ಗ್ರಾಹಕರು ತಿಳಿದಿರಬೇಕಾದ ಸಂಗತಿಗಳು

2010ರ ಮಾರ್ಚ್ 21. ಮುಂಬೈನ ಮುಲುಂಡ್‌ನಲ್ಲಿ ಶೋರೂಮ್‌ನಿಂದ ಆಗಷ್ಟೇ ಮನೆಯ ಕಡೆ ಹೊರಟಿದ್ದ ಹೊಚ್ಚ ಹೊಸ ಟಾಟಾ ನ್ಯಾನೋ ಕಾರಿನ ಹಿಂಭಾಗದಲ್ಲಿ ಬೆಂಕಿ ಕಾಣಿಸಿಕೊಂಡಿತು. ಒಳಗಿದ್ದವರಿಗೆ ಇದು ಗೊತ್ತೇ ಆಗಿರಲಿಲ್ಲ. ಬೈಕ್‌ನಲ್ಲಿ ಬರುತ್ತಿದ್ದವರೊಬ್ಬರು ಎಚ್ಚರಿಸಿದ ಮೇಲೆ ಕಾರು ನಿಲ್ಲಿಸಿ ಎಲ್ಲರೂ ಕೆಳಗಿಳಿದರು. ಜೀವಕ್ಕೆ ಅಪಾಯವಾಗಲಿಲ್ಲ, ಆದರೆ ಕಾರು ಸುಟ್ಟುಹೋಯಿತು. ಹೊತ್ತಿ ಉರಿಯುತ್ತಿರುವ 'ಒಂದು ಲಕ್ಷದ ಕಾರಿ'ನ ಚಿತ್ರ ಮರುದಿನ ದೇಶವೆಲ್ಲ ಹರಡಿತು.

ಇದೆಲ್ಲ ಹಳೆಯ ಕಥೆ, ಈಗೇಕೆ ಎಂದು ನೀವು ಕೇಳಬಹುದು. ನ್ಯಾನೋ ತಯಾರಿಕೆ ನಿಂತು ವರ್ಷಗಳಾದರೂ ಕಾರುಗಳು ಮಾಯವಾಗಿಲ್ಲ. ಮುಂಬೈ, ಠಾಣೆ, ಕಲ್ಯಾಣ, ವಸಾಯಿ ಭಾಗಗಳಲ್ಲಿ ಅವು ಕೈಯಿಂದ ಕೈಗೆ ದಾಟುತ್ತಲೇ ಇವೆ. ಉದ್ದ ಸುಮಾರು 3.1 ಮೀಟರ್ ಮಾತ್ರ. ಸೊಸೈಟಿಯಲ್ಲಿ ಎರಡು ಕಾರುಗಳ ನಡುವಿನ ಸಂದಿಯಲ್ಲೂ ನಿಲ್ಲಿಸಬಹುದು, ಗಲ್ಲಿಯಲ್ಲಿ ಸುಲಭವಾಗಿ ತಿರುಗಿಸಬಹುದು. ಡ್ರೈವಿಂಗ್ ಕಲಿಯಲು, ಮಕ್ಕಳನ್ನು ಶಾಲೆಗೆ ಬಿಡಲು, ಮಳೆಗಾಲದಲ್ಲಿ ಸ್ಟೇಷನ್‌ಗೆ ಹೋಗಿಬರಲು ಇದಕ್ಕಿಂತ ಕಡಿಮೆ ದುಡ್ಡಿನ ಕಾರು ಸಿಗುವುದು ಕಷ್ಟ. ಕೊಳ್ಳುವವರಲ್ಲಿ ಹೆಚ್ಚಿನವರು ಮೊದಲ ಬಾರಿಗೆ ಕಾರು ಕಾಣುವ ಕುಟುಂಬದವರು. ಆದ್ದರಿಂದ ಈ ಕಾರಿನ ಮೇಲಿದ್ದ ದೂರುಗಳಲ್ಲಿ ಯಾವುದು ರಿಪೇರಿಯಾಗುವಂಥದ್ದು, ಯಾವುದು ಎಷ್ಟು ಖರ್ಚು ಮಾಡಿದರೂ ಸರಿಯಾಗದಂಥದ್ದು ಎಂಬುದನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಬೆಂಕಿ ದೂರು: ಕಂಪನಿ ಹೇಳಿದ್ದೇನು, ಮಾಡಿದ್ದೇನು?

ನ್ಯಾನೋ ಮೊದಲು ಜನರ ಕಣ್ಣಿಗೆ ಬಿದ್ದದ್ದು 2008ರ ಜನವರಿಯಲ್ಲಿ, ದೆಹಲಿಯ ಆಟೋ ಎಕ್ಸ್‌ಪೋದಲ್ಲಿ. ಸಿಂಗೂರಿನ ವಿವಾದದಿಂದ ಕಾರ್ಖಾನೆ ಗುಜರಾತಿನ ಸಾನಂದ್‌ಗೆ ಹೋಯಿತು. 2009ರ ಮಾರ್ಚ್‌ನಲ್ಲಿ ಕಾರು ಮಾರುಕಟ್ಟೆಗೆ ಬಂತು, ಜುಲೈನಲ್ಲಿ ಮೊದಲ ಗ್ರಾಹಕರಿಗೆ ಕೀಲಿ ಹಸ್ತಾಂತರವಾದದ್ದು ಮುಂಬೈನಲ್ಲೇ. ಅದೇ ವರ್ಷ ಕೆಲವು ಕಾರುಗಳಲ್ಲಿ ಹೊಗೆ ಬಂದ ದೂರುಗಳು ಕೇಳಿಬಂದವು. ಸ್ಟೀರಿಂಗ್ ಬಳಿಯ ಸ್ವಿಚ್‌ನಲ್ಲಿ ಶಾರ್ಟ್ ಸರ್ಕ್ಯೂಟ್ ಎಂಬ ವಿವರಣೆ ಬಂತು. ಮುಲುಂಡ್ ಘಟನೆಯ ಬೆನ್ನಿಗೇ, 2010ರ ಏಪ್ರಿಲ್‌ನಲ್ಲಿ ಗುಜರಾತಿನಲ್ಲಿ ಇನ್ನೊಂದು ನ್ಯಾನೋ ಸುಟ್ಟಿತು.

ತನಿಖೆಯ ನಂತರ ಟಾಟಾ ಮೋಟಾರ್ಸ್ ಹೇಳಿದ್ದಿಷ್ಟು: ವಿನ್ಯಾಸದಲ್ಲಿ ದೋಷವಿಲ್ಲ, ಹೊರಗಿನಿಂದ ಹಾಕಿಸಿದ ವಿದ್ಯುತ್ ಉಪಕರಣ ಅಥವಾ ಎಕ್ಸಾಸ್ಟ್ ಮೇಲೆ ಉಳಿದುಹೋದ ಹೊರವಸ್ತು ಆಯಾ ಕಾರಿನಲ್ಲಿ ಬೆಂಕಿಗೆ ಕಾರಣ. ಹಾಗೆಂದರೂ 2010ರ ನವೆಂಬರ್‌ನಲ್ಲಿ, ಅದುವರೆಗೆ ಮಾರಾಟವಾದ ಕಾರುಗಳ ಎಕ್ಸಾಸ್ಟ್ ಮತ್ತು ವಿದ್ಯುತ್ ವ್ಯವಸ್ಥೆಗೆ ಹೆಚ್ಚುವರಿ ರಕ್ಷಣೆಯನ್ನು ಉಚಿತವಾಗಿ ಅಳವಡಿಸಿಕೊಡುವುದಾಗಿ ಕಂಪನಿ ಪ್ರಕಟಿಸಿತು. ಇದನ್ನು 'ರೀಕಾಲ್' ಎಂದು ಕರೆಯಬೇಡಿ ಎಂದೂ ಹೇಳಿತು. ಅದೇ ತಿಂಗಳು ನ್ಯಾನೋ ಮಾರಾಟ ಬರೀ 509ಕ್ಕೆ ಇಳಿದಿತ್ತು. ಮುಂದಿನ ತಿಂಗಳು ವಾರಂಟಿಯನ್ನು 4 ವರ್ಷ ಅಥವಾ 60,000 ಕಿ.ಮೀ.ಗೆ ಏರಿಸಲಾಯಿತು.

'ರೀಕಾಲ್' ಪದದ ಬಗ್ಗೆ ಇಷ್ಟು ಎಳೆದಾಡುವುದೇಕೆ ಎನಿಸಬಹುದು. ಆದರೆ ಹಳೆಯ ಕಾರು ಕೊಳ್ಳುವವರಿಗೆ ಇದರಲ್ಲೇ ತೊಡಕಿದೆ. ಇಷ್ಟವಿದ್ದವರು ಬಂದು ಹಾಕಿಸಿಕೊಳ್ಳಿ ಎಂಬಂಥ ಸೌಲಭ್ಯ ಇದು. ಮೊದಲ ಮಾಲೀಕರು ಸರ್ವಿಸ್ ಸೆಂಟರ್‌ಗೆ ಹೋಗಿರದಿದ್ದರೆ ಆ ಕಾರಿಗೆ ರಕ್ಷಣೆ ಸಿಕ್ಕಿರುವುದಿಲ್ಲ. ನಿಮ್ಮೆದುರು ನಿಂತಿರುವ 2009 ಅಥವಾ 2010ರ ಕಾರಿನಲ್ಲಿ ಆ ಕೆಲಸ ಆಗಿದೆಯೇ ಎಂಬುದನ್ನು ಹೊರಗಿನಿಂದ ನೋಡಿ ಹೇಳಲಾಗದು. ಚಾಸಿಸ್ ನಂಬರ್ ಬರೆದುಕೊಂಡು ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಆ ಕಾರಿನ ಸರ್ವಿಸ್ ಇತಿಹಾಸ ಕೇಳಬೇಕು. ಮಾರುವವರು "ಎಲ್ಲಾ ಆಗಿದೆ ಸಾರ್" ಎಂದರೆ ಬಿಲ್ ತೋರಿಸಲು ಹೇಳಿ.

ನ್ಯಾನೋದ ಎಂಜಿನ್ ಇರುವುದು ಹಿಂದೆ. ಮುಂದಿನ ಬಾನೆಟ್ ಎತ್ತಿದರೆ ಸ್ಟೆಪ್ನಿ, ಪೆಟ್ರೋಲ್ ತುಂಬುವ ಬಾಯಿ ಇತ್ಯಾದಿ ಕಾಣಿಸುತ್ತವೆ, ಎಂಜಿನ್ ಕಾಣುವುದಿಲ್ಲ. ಹಳೆಯ ಮಾದರಿಗಳಲ್ಲಿ ಹಿಂದಿನ ಡಿಕ್ಕಿ ಬಾಗಿಲೇ ತೆರೆಯುವುದಿಲ್ಲ (ತೆರೆಯುವ ಬಾಗಿಲು ಬಂದದ್ದು 2015ರ ಜೆನ್‌ಎಕ್ಸ್ ನ್ಯಾನೋದಲ್ಲಿ). ಎಂಜಿನ್ ನೋಡಬೇಕೆಂದರೆ ಹಿಂದಿನ ಸೀಟು ಮಡಚಿ, ಮುಚ್ಚಳದ ಸ್ಕ್ರೂ ಬಿಚ್ಚಬೇಕು. ಇಷ್ಟು ಕಷ್ಟಪಟ್ಟು ವಾರಕ್ಕೊಮ್ಮೆ ಆಯಿಲ್ ನೋಡುವವರು ಎಷ್ಟು ಜನ? ಆದ್ದರಿಂದ ಆ ಮುಚ್ಚಳ ಬಿಚ್ಚಿಸದೆ ಕಾರು ಕೊಳ್ಳಲೇಬೇಡಿ. ಒಳಗೆ ಎಣ್ಣೆ ಸೋರಿದ ಗುರುತು, ಮೆಕ್ಯಾನಿಕ್ ಮರೆತ ಬಟ್ಟೆ ಚೂರು, ಕರಗಿದ ವೈರ್ ಹೊದಿಕೆ, ಟೇಪ್ ಸುತ್ತಿದ ಜೋಡಣೆಗಳು ಇವೆಯೇ ನೋಡಿಸಿ. ರಸ್ತೆ ಬದಿಯ ಅಂಗಡಿಯಲ್ಲಿ ಹಾಕಿಸಿದ ಸ್ಟೀರಿಯೋ, ಸೆಂಟ್ರಲ್ ಲಾಕ್, ಹೆಚ್ಚುವರಿ ಲೈಟ್‌ಗಳಿದ್ದರೆ ಅವುಗಳ ವೈರ್ ಎಲ್ಲಿಂದ ಬಂದಿದೆ, ನಡುವೆ ಫ್ಯೂಸ್ ಇದೆಯೇ ಎಂದು ಆಟೋ ಎಲೆಕ್ಟ್ರಿಷಿಯನ್ ಒಬ್ಬರಿಂದ ಪರೀಕ್ಷೆ ಮಾಡಿಸಿ. ಅನುಮಾನ ಬಂದರೆ ಕಿತ್ತೆಸೆಯಿರಿ. ಹಾಡು ಕೇಳಲು ಮೊಬೈಲ್ ಇದೆಯಲ್ಲ.

ಸ್ಟಾರ್ಟರ್, ಬ್ರೇಕ್, ಟೈರ್

2011ರ ಕೊನೆಯ ಹೊತ್ತಿಗೆ ಇನ್ನೊಂದು ದೂರು ಹೆಚ್ಚಾಗಿತ್ತು: ಕೀಲಿ ತಿರುಗಿಸಿದರೂ ಕಾರು ಸ್ಟಾರ್ಟ್ ಆಗದಿರುವುದು. ಅದುವರೆಗೆ ಮಾರಾಟವಾದ ಒಂದು ಲಕ್ಷಕ್ಕೂ ಹೆಚ್ಚು ಹಳೆಯ ನ್ಯಾನೋಗಳ ಸ್ಟಾರ್ಟರ್ ಮೋಟಾರನ್ನು ಉಚಿತವಾಗಿ ಬದಲಿಸಿಕೊಡಲು ಕಂಪನಿ ಮುಂದಾಯಿತು. ಇದೂ ಆಗಿದೆಯೋ ಇಲ್ಲವೋ ಎಂಬುದನ್ನು ಅದೇ ಸರ್ವಿಸ್ ಇತಿಹಾಸದಲ್ಲಿ ನೋಡಬೇಕು. ಕಾರು ನೋಡಲು ಹೋದಾಗ ಎಂಜಿನ್ ತಣ್ಣಗಿರಲಿ. ಮಾರುವವರು ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬೆಳಿಗ್ಗೆ ಬರುತ್ತೇನೆ ಎಂದು ಹೇಳಿ ಬನ್ನಿ. ಜೊತೆಗೆ ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಓಡಿಸಿ, ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡಿ ನೋಡಿ. ಸಾಯನ್ ಅಥವಾ ಘೋಡ್‌ಬಂದರ್ ರಸ್ತೆಯ ಜಾಮ್‌ನಲ್ಲಿ ಕೈಕೊಟ್ಟರೆ ಕಾರಿಗಿಂತ ಹಿಂದಿನವರ ಹಾರ್ನ್ ಜಾಸ್ತಿ ಕಾಡುತ್ತದೆ.

624 ಸಿಸಿಯ ಎರಡು ಸಿಲಿಂಡರ್ ಎಂಜಿನ್ ಸ್ವಲ್ಪ ನಡುಗುವುದು ಸಹಜ. ಆದರೆ ಗೇರ್ ಲಿವರ್, ಬಾಗಿಲು ಎಲ್ಲವೂ ಕುಣಿಯುತ್ತಿದ್ದರೆ ಎಂಜಿನ್ ಮೌಂಟ್ ಹೋಗಿರಬಹುದು. ನಾಲ್ಕೂ ಚಕ್ರಕ್ಕೆ ಇರುವುದು ಡ್ರಮ್ ಬ್ರೇಕ್. ಆರಂಭದ ಬೇಸ್ ಮಾದರಿಗೆ ಬ್ರೇಕ್ ಬೂಸ್ಟರ್ ಕೂಡ ಇರಲಿಲ್ಲ. ಹಾಗಾಗಿ ಬ್ರೇಕ್ ಹಿಡಿದಾಗ ಒಂದು ಕಡೆ ಎಳೆಯುತ್ತದೆಯೇ ಎಂದು ಖಾಲಿ ರಸ್ತೆಯಲ್ಲಿ ನೋಡಲೇಬೇಕು. ಟೈರ್‌ಗಳು 12 ಇಂಚಿನವು, ಮುಂದಿನ ಮತ್ತು ಹಿಂದಿನ ಅಳತೆ ಬೇರೆ ಬೇರೆ. ನಾಲ್ಕೂ ಕಡೆ ಒಂದೇ ಅಳತೆಯ ಟೈರ್ ಹಾಕಿದ್ದರೆ ಹಿಂದಿನ ಮಾಲೀಕರು ಎಲ್ಲಿ ದುಡ್ಡು ಉಳಿಸಿದ್ದಾರೆ ಎಂಬುದು ಅರ್ಥವಾಗುತ್ತದೆ.

ಯಾವ ಗ್ಯಾರೇಜಿನಲ್ಲೂ ಸರಿಯಾಗದ ಕೊರತೆ

ಬೆಂಕಿ, ಸ್ಟಾರ್ಟರ್ ಇವೆಲ್ಲ ರಿಪೇರಿಯ ಮಾತು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಬಿಡುಗಡೆ ಮಾಡಿದ ಕ್ರ್ಯಾಶ್ ಟೆಸ್ಟ್ ಫಲಿತಾಂಶ ಬೇರೆಯದೇ ಮಾತು. ಗಂಟೆಗೆ 64 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆಸಿ ನೋಡಿದ ಐದು ಜನಪ್ರಿಯ ಸಣ್ಣ ಕಾರುಗಳ ಬೇಸ್ ಮಾದರಿಗಳಿಗೆ ವಯಸ್ಕರ ಸುರಕ್ಷತೆಯಲ್ಲಿ ಸಿಕ್ಕಿದ್ದು ಶೂನ್ಯ ಸ್ಟಾರ್: ಟಾಟಾ ನ್ಯಾನೋ, ಮಾರುತಿ ಆಲ್ಟೊ 800, ಹುಂಡೈ ಐ10, ಫೋರ್ಡ್ ಫಿಗೊ ಮತ್ತು ಫೋಕ್ಸ್‌ವ್ಯಾಗನ್ ಪೋಲೊ.

ಐದಕ್ಕೂ ಸೊನ್ನೆ ಎಂದರೂ ಐದೂ ಒಂದೇ ಅಲ್ಲ. ಫಿಗೊ ಮತ್ತು ಪೋಲೊದಲ್ಲಿ ಪ್ರಯಾಣಿಕರು ಕೂರುವ ಭಾಗದ ಚೌಕಟ್ಟು ಗಟ್ಟಿಯಾಗಿಯೇ ಉಳಿಯಿತು; ಏರ್‌ಬ್ಯಾಗ್ ಇದ್ದರೆ ಪ್ರಯೋಜನವಾಗುವಂತಿತ್ತು. ನ್ಯಾನೋ, ಆಲ್ಟೊ, ಐ10ಗಳ ಚೌಕಟ್ಟೇ ಸಾಲದು ಎಂಬುದು ಪರೀಕ್ಷಕರ ಅಭಿಪ್ರಾಯವಾಗಿತ್ತು. ಎದುರಿನ ಚೌಕಟ್ಟೇ ಒಳಗೆ ನುಗ್ಗಿದರೆ ಏರ್‌ಬ್ಯಾಗ್ ಇದ್ದೂ ಹೆಚ್ಚು ಲಾಭವಿಲ್ಲ. ನ್ಯಾನೋಗಂತೂ ಏರ್‌ಬ್ಯಾಗ್ ಆಯ್ಕೆಯೇ ಇರಲಿಲ್ಲ. ಅಂದಹಾಗೆ, ಇದೇ ಟಾಟಾದ ನೆಕ್ಸಾನ್ 2018ರ ಡಿಸೆಂಬರ್‌ನಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನ 5 ಸ್ಟಾರ್ ಪಡೆಯಿತು. ನ್ಯಾನೋ ಕೊಂಡವರಿಗೆ ಅದರಿಂದ ಏನೂ ಸಿಗಲಿಲ್ಲ ಅನ್ನಿ.

64 ಕಿ.ಮೀ. ವೇಗ ಮುಂಬೈನಲ್ಲಿ ಎಲ್ಲಿ ಸಿಗುತ್ತದೆ ಎಂದು ತಮಾಷೆ ಮಾಡುವವರಿದ್ದಾರೆ. ಬೆಳಗಿನ ಜಾವ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ, ರಾತ್ರಿ ಲಾರಿಗಳ ನಡುವೆ ಘೋಡ್‌ಬಂದರ್ ರಸ್ತೆ, 2024ರಲ್ಲಿ ತೆರೆದ ಅಟಲ್ ಸೇತುವೆ: ಎಲ್ಲ ಕಡೆ ಅದಕ್ಕಿಂತ ಹೆಚ್ಚು ವೇಗದ ವಾಹನಗಳೇ ಓಡುತ್ತವೆ. ಮನೆಯಿಂದ ಸ್ಟೇಷನ್, ಮಾರುಕಟ್ಟೆ, ಶಾಲೆ ಇಷ್ಟಕ್ಕೇ ಆದರೆ, ಸ್ಕೂಟರ್ ಮೇಲೆ ನಾಲ್ವರು ಹೋಗುವುದಕ್ಕಿಂತ ನ್ಯಾನೋ ವಾಸಿ ಎಂಬ ವಾದವನ್ನು ಒಪ್ಪಬಹುದು. ಪುಣೆ ಎಕ್ಸ್‌ಪ್ರೆಸ್‌ವೇಗೆ, ಊರಿಗೆ ಎಂದು ಹೊರಡುವುದಾದರೆ ಬೇಡ ಎಂದೇ ನಮ್ಮ ಸಲಹೆ. ಇನ್ನಷ್ಟು ದುಡ್ಡು ಕೂಡಿಸಿಕೊಂಡು ಏರ್‌ಬ್ಯಾಗ್, ಎಬಿಎಸ್ ಎರಡೂ ಇರುವ ಹಳೆಯ ಕಾರು ಹುಡುಕಿ. 2019ರ ಏಪ್ರಿಲ್‌ನಿಂದ ಎಬಿಎಸ್, ಜುಲೈನಿಂದ ಚಾಲಕರ ಏರ್‌ಬ್ಯಾಗ್ ಕಡ್ಡಾಯವಾಗಿವೆ. ಅದಕ್ಕಿಂತ ಹಿಂದಿನ ಯಾವುದೇ ಕಂಪನಿಯ ಕಾರಾದರೂ, ಹೆಸರು ಒಂದೇ ಇದ್ದು ಮಾದರಿ ಬೇರೆಯಾದರೆ ಏರ್‌ಬ್ಯಾಗ್ ಇಲ್ಲದಿರಬಹುದು. ಸ್ಟೀರಿಂಗ್ ಮೇಲಿನ ಅಕ್ಷರ ನೋಡಿ, ಜಾಹೀರಾತು ನೋಡಬೇಡಿ.

ನೀರು ಕುಡಿದ ಕಾರು

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದದ್ದು ಮುಂಬೈಕರರಿಗೆ ಮರೆಯುವಂಥದ್ದಲ್ಲ. ನ್ಯಾನೋ ಆಗ ಹುಟ್ಟಿರಲಿಲ್ಲ. ಆದರೆ 2017ರ ಆಗಸ್ಟ್ 29ರ ಮಳೆಯನ್ನೂ, ಹಿಂದ್‌ಮಾತಾ, ಅಂಧೇರಿ ಸಬ್‌ವೇ, ಮಿಲನ್ ಸಬ್‌ವೇಗಳಲ್ಲಿ ನೀರು ನಿಂತ ಎಷ್ಟೋ ದಿನಗಳನ್ನೂ ಈ ಕಾರುಗಳು ಕಂಡಿವೆ. ಚಕ್ರ ಚಿಕ್ಕದು, ಎಂಜಿನ್ ಹಿಂದೆ ಕೆಳಗಿದೆ. ಮುಳುಗಿದ ಕಾರನ್ನು ತೊಳೆದು ಸೆಂಟ್ ಹೊಡೆದು ಮಾರುವುದು ಹೊಸದೇನಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಕಾರ್ಪೆಟ್ ಎತ್ತಿ, ಸೀಟಿನ ಕೆಳಗಿನ ಬೋಲ್ಟ್‌ಗಳಿಗೆ ತುಕ್ಕು ಹಿಡಿದಿದೆಯೇ ನೋಡಿ. ಹೆಡ್‌ಲೈಟ್ ಒಳಗೆ ಮಂಜು ಕಟ್ಟಿದ್ದರೂ ಅನುಮಾನಿಸಿ. ನೀರಿನಲ್ಲಿ ನಿಂತ ಕಾರನ್ನು ಮತ್ತೆ ಸ್ಟಾರ್ಟ್ ಮಾಡಿ ಎಂಜಿನ್ ಹಾಳಾದರೆ ಸಾಮಾನ್ಯ ವಿಮೆಯಲ್ಲಿ ಪರಿಹಾರ ಸಿಗುವುದು ಕಷ್ಟ ಎಂಬುದೂ ನೆನಪಿರಲಿ.

ಕಾಗದಪತ್ರ, ಕಾನೂನು

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಿಂದ, ದೋಷವಿರುವ ವಾಹನಗಳನ್ನು ವಾಪಸ್ ಕರೆಸುವಂತೆ ಕಂಪನಿಗೆ ಆದೇಶಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಬಂತು. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಆದರೆ ಅವು ಏಳು ವರ್ಷಕ್ಕಿಂತ ಹಳೆಯ ವಾಹನಗಳಿಗೆ ಅನ್ವಯವಾಗುವುದಿಲ್ಲ. ಅಂದರೆ ಆರಂಭದ ನ್ಯಾನೋಗಳಿಗೆ ಈ ದಾರಿ ಮುಚ್ಚಿದೆ, ಪರೀಕ್ಷಿಸುವ ಹೊಣೆ ಪೂರ್ತಿ ಕೊಳ್ಳುವವರದ್ದೇ.

ವಯಸ್ಸಿನ ಲೆಕ್ಕವನ್ನೂ ಹಾಕಿ. ಖಾಸಗಿ ಕಾರಿನ ಆರ್‌ಸಿ ಅವಧಿ 15 ವರ್ಷ. 2010ರಲ್ಲಿ ನೋಂದಣಿಯಾದ ನ್ಯಾನೋದ ಅವಧಿ 2025ಕ್ಕೇ ಮುಗಿದಿದೆ. ಫಿಟ್‌ನೆಸ್ ಪರೀಕ್ಷೆ ಮಾಡಿಸಿ ಐದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಮಹಾರಾಷ್ಟ್ರದಲ್ಲಿ ಇದರ ಜೊತೆ ಹಸಿರು ತೆರಿಗೆಯೂ ಸೇರುತ್ತದೆ. ಈ ಖರ್ಚನ್ನು ಯಾರು ಕೊಡುತ್ತಾರೆ ಎಂಬುದನ್ನು ಅಡ್ವಾನ್ಸ್ ಕೊಡುವ ಮೊದಲೇ ಮಾತಾಡಿಕೊಳ್ಳಿ. ಬಾಕಿ ಇರುವ ಇ-ಚಲನ್‌ಗಳು, ಬ್ಯಾಂಕ್ ಸಾಲದ ಹೈಪೋಥಿಕೇಶನ್, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಇವನ್ನೂ ನೋಡಿಕೊಳ್ಳಿ.

ಹೆಸರು ವರ್ಗಾವಣೆಯನ್ನು "ಆಮೇಲೆ ನೋಡೋಣ" ಎಂದು ಬಿಡಬೇಡಿ. ಒಂದೇ ರಾಜ್ಯದೊಳಗೆ ಮಾರಾಟವಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಫಾರಂ 29 ಮತ್ತು 30 ಇದಕ್ಕೇ ಇವೆ. ವಿಮೆಯನ್ನೂ 14 ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ ನಿಮ್ಮ ಕಾರಿಗಾದ ಹಾನಿಗೆ ಪರಿಹಾರ ಕೇಳಲಾಗದು. ಮಾರುವವರಿಗೂ ಒಂದು ಮಾತು: ಅಪಘಾತವಾದಾಗ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಕಾರು ಮೂರು ಕೈ ದಾಟಿದ್ದರೂ ಪರಿಹಾರದ ನೋಟಿಸ್ ನಿಮ್ಮ ಮನೆಗೇ ಬರಬಹುದು.

2023ರ ಏಪ್ರಿಲ್‌ನಿಂದ ಹಳೆಯ ಕಾರುಗಳ ಡೀಲರ್‌ಗಳು ಆರ್‌ಟಿಒದಿಂದ ಅಧಿಕೃತ ಪ್ರಮಾಣಪತ್ರ ಪಡೆದಿರಬೇಕು. ಅದನ್ನು ಕೇಳಿ ನೋಡಿ. ಡೀಲರ್ ದೋಷ ಮುಚ್ಚಿಟ್ಟು ಮಾರಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು, ಮೊದಲ ಹೆಜ್ಜೆಯಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಪರಿಚಯದವರಿಂದ ನೇರವಾಗಿ ಕೊಂಡರೆ ಈ ಅನುಕೂಲ ಸಾಮಾನ್ಯವಾಗಿ ಇರುವುದಿಲ್ಲ, ಅವರು ವ್ಯಾಪಾರಿಗಳಲ್ಲವಲ್ಲ. ಹಾಗಾಗಿ ಬಾಯಿಮಾತಿನ ಭರವಸೆಗಳನ್ನು ಮಾರಾಟದ ಪತ್ರದಲ್ಲೇ ಬರೆಸಿ ಸಹಿ ಹಾಕಿಸಿಕೊಳ್ಳಿ.

ಕೊನೆಗೆ, ಮುಂಬೈನಲ್ಲಿ ಅಗ್ಗಕ್ಕೆ ಕೊಂಡು ಉಡುಪಿ, ಮಂಗಳೂರಿನ ಮನೆಯಲ್ಲಿ ಇಟ್ಟುಕೊಳ್ಳೋಣ ಎಂದುಕೊಂಡವರಿಗೆ. ಎಂಎಚ್ ನಂಬರಿನ ಕಾರು 12 ತಿಂಗಳಿಗಿಂತ ಹೆಚ್ಚು ಕರ್ನಾಟಕದಲ್ಲಿ ಉಳಿದರೆ ಮರುನೋಂದಣಿ ಮಾಡಿಸಬೇಕು. ಅದಕ್ಕೆ ಇಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು, ಅಲ್ಲಿ ರಸ್ತೆ ತೆರಿಗೆ ಮತ್ತೆ ಕಟ್ಟಬೇಕು. ಹಳೆಯ ನ್ಯಾನೋದ ಪೆಟ್ರೋಲ್ ಟ್ಯಾಂಕ್ 15 ಲೀಟರಿನದು. ಊರಿಗೆ ಓಡಿಸಿಕೊಂಡು ಹೋಗುವ ಯೋಚನೆ ಬಿಟ್ಟು, ಟ್ರಕ್‌ನಲ್ಲಿ ಕಳಿಸುವ ಬಾಡಿಗೆಯನ್ನೂ ಲೆಕ್ಕಕ್ಕೆ ಸೇರಿಸಿದರೆ, ಅದೇ ದುಡ್ಡಿಗೆ ಊರಿನಲ್ಲೇ ಕೆಎ ನಂಬರಿನ ಕಾರು ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ.