ಕತ್ತಕ್ಕೆ ಅಕ್ಕಿ: ಅಮೀನ್‌ದೀವಿ ದ್ವೀಪಗಳೂ ನಮ್ಮ ಬಂದರೂ

ಜುಮಾ ಮುಗಿಸಿ ಬಂದರಿನ ಝೀನತ್ ಬಕ್ಷ್ ಮಸೀದಿಯಿಂದ ದಕ್ಕೆಯ ಕಡೆಗೆ ನಡೆದರೆ ಸಾಲಾಗಿ ನಿಂತ ಮಂಜಿಗಳು ಕಾಣುತ್ತವೆ. ಸಿಮೆಂಟ್, ಜಲ್ಲಿ, ಕಬ್ಬಿಣ, ಅಕ್ಕಿ, ಈರುಳ್ಳಿ, ತರಕಾರಿ ಎಲ್ಲವೂ ಲಕ್ಷದ್ವೀಪಕ್ಕೆ ಹೋಗುವ ಸರಕು. ನಾವು ಚಿಕ್ಕಂದಿನಿಂದ ನೋಡುತ್ತ ಬಂದ ನೋಟವಿದು. ಆದರೆ ಆ ದ್ವೀಪಗಳ ಪೈಕಿ ಐದು ಒಂದು ಕಾಲದಲ್ಲಿ ನಮ್ಮದೇ ಜಿಲ್ಲೆಯ ಭಾಗವಾಗಿದ್ದವು, ಅಲ್ಲಿಯ ಜನರ ಅನ್ನದ ಲೆಕ್ಕ ಮಂಗಳೂರಿನಲ್ಲೇ ನಡೆಯುತ್ತಿತ್ತು ಎಂಬುದು ನಮ್ಮ ಮಕ್ಕಳಿಗೆ ಗೊತ್ತಿಲ್ಲ. ನಿಜ ಹೇಳಬೇಕೆಂದರೆ ನಮ್ಮಲ್ಲಿ ಹೆಚ್ಚಿನವರಿಗೂ ಗೊತ್ತಿಲ್ಲ.

ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಈ ಐದಕ್ಕೆ ಅಮೀನ್‌ದೀವಿ ಗುಂಪೆಂದು ಹೆಸರು. ನಮ್ಮ ಕರಾವಳಿಯಿಂದ ಸುಮಾರು 300 ಕಿಲೋಮೀಟರ್ ದೂರ. ಇಡೀ ಲಕ್ಷದ್ವೀಪದ ನೆಲ ಸೇರಿಸಿದರೂ 32 ಚದರ ಕಿಲೋಮೀಟರ್ ಮಾತ್ರ. 2011ರ ಜನಗಣತಿಯಲ್ಲಿ ಬಿತ್ರಾದಲ್ಲಿದ್ದವರು 271 ಮಂದಿ. ಹಝ್ರತ್ ಉಬೈದುಲ್ಲಾರ ಹಡಗು ಒಡೆದು ಅವರು ಅಮಿನಿಯ ದಡ ಸೇರಿದರು, ಅವರಿಂದಲೇ ದ್ವೀಪಗಳಿಗೆ ಇಸ್ಲಾಮ್ ಬಂತು ಎಂಬುದು ಅಲ್ಲಿಯ ಪರಂಪರೆಯ ನಂಬಿಕೆ. ಅವರ ಮಖ್ಬರಾ ಆಂದ್ರೋತ್‌ನಲ್ಲಿದೆ.

ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಕತ್ತ, ಅಂದರೆ ತೆಂಗಿನ ನಾರಿನ ಹುರಿ, ಅವರಿಗಲ್ಲದೆ ಬೇರೆ ಯಾರಿಗೂ ಮಾರುವಂತಿರಲಿಲ್ಲ. ಆಳುವವರೂ ಮುಸ್ಲಿಮರು, ಆಳಿಸಿಕೊಳ್ಳುವವರೂ ಮುಸ್ಲಿಮರು. ಅದರಿಂದ ಹೊರೆ ಹಗುರವಾಗಲಿಲ್ಲ. ಕಡೆಗೆ ಅಮಿನಿಯ ಜನ ಸಹಿಸಲಾರದೆ ಸಮುದ್ರ ದಾಟಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನರಲ್ಲಿ ಮೊರೆಯಿಟ್ಟರು. ಟಿಪ್ಪುವಿಗೆ ಅರಕ್ಕಲ್ ಬೀಬಿಯ ಸ್ನೇಹವೂ ಬೇಕಿತ್ತು. ಆದ್ದರಿಂದ 1787ರಲ್ಲಿ ಬೀಬಿಗೆ ಚಿರಕ್ಕಲ್ ಕಡೆಯಲ್ಲಿ ಬದಲಿ ಭೂಮಿ ಕೊಟ್ಟು ಐದು ದ್ವೀಪಗಳನ್ನು ತನ್ನ ಆಡಳಿತಕ್ಕೆ ತೆಗೆದುಕೊಂಡರು. ಹನ್ನೆರಡೇ ವರ್ಷ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾದ ಜತೆಗೆ ಈ ದ್ವೀಪಗಳೂ ಈಸ್ಟ್ ಇಂಡಿಯಾ ಕಂಪೆನಿಯ ಪಾಲಾದವು. ಮಂಗಳೂರಿನ ಕಲೆಕ್ಟರ್ ಅವುಗಳ ಒಡೆಯರಾದರು. ಅಮಿನಿಯಲ್ಲಿ ಸರಕಾರದ ಪರವಾಗಿ ಒಬ್ಬ ಮಣೆಗಾರ ಕೂತ.

ಕಂಪೆನಿ ಬಂದರೂ ಕತ್ತದ ಏಕಸ್ವಾಮ್ಯ ಮಾತ್ರ ಹೋಗಲಿಲ್ಲ. ಇಲ್ಲಿ ಸ್ವಲ್ಪ ನಿಂತು ನೋಡಬೇಕು, ದ್ವೀಪದ ಬಡತನದ ಗುಟ್ಟು ಇದರಲ್ಲೇ ಇದೆ. ಹವಳದ ಮರಳಿನ ಆ ನೆಲದಲ್ಲಿ ಭತ್ತ ಬೆಳೆಯುವುದಿಲ್ಲ. ತೆಂಗು ಇದೆ, ಮೀನು ಇದೆ, ಅನ್ನ ಇಲ್ಲ. ನಮ್ಮ ಗದ್ದೆಗಳ ಮೇಲೆ ಸರಕಾರ ತೀರ್ವೆ ಹಾಕಿದಂತೆ ಅಲ್ಲಿ ಹಾಕುವಂತಿರಲಿಲ್ಲ. ಬದಲಿಗೆ ದ್ವೀಪದ ಕತ್ತವನ್ನೆಲ್ಲ ತಾನೇ ನಿಗದಿ ಮಾಡಿದ ದರಕ್ಕೆ ಕೊಳ್ಳುವುದು, ಬೆಲೆಯ ಬಹುಪಾಲನ್ನು ಅಕ್ಕಿಯಾಗಿ ಕೊಡುವುದು, ಆ ಕತ್ತವನ್ನು ಪೇಟೆಯ ದರಕ್ಕೆ ಮಾರುವುದು. ಕೊಂಡ ದರಕ್ಕೂ ಮಾರಿದ ದರಕ್ಕೂ ನಡುವೆ ಉಳಿದದ್ದೇ ಕಂದಾಯ. ಕಾಗದದಲ್ಲಿ ದ್ವೀಪದವರಿಗೆ ತೆರಿಗೆಯೇ ಇಲ್ಲ. ಆದರೆ ಕತ್ತ ಅಳೆಯುವ ತಕ್ಕಡಿಯೂ ಅಕ್ಕಿ ಅಳೆಯುವ ಸೇರೂ ಒಬ್ಬನ ಕೈಯಲ್ಲೇ ಇದ್ದ ಮೇಲೆ ಬೇರೆ ತೆರಿಗೆ ಯಾಕೆ ಬೇಕು? ಅಳತೆ ತೂಕದ ಬಗ್ಗೆ ಮಿಂಬರಿನಿಂದ ಖುತ್ಬಾ ಕೇಳುವಾಗ ನಮಗೆ ನೆನಪಾಗುವುದು ಮೂಲೆಯಂಗಡಿಯ ತಕ್ಕಡಿ. ಸರಕಾರದ ತಕ್ಕಡಿಯೂ ಒಂದು ತಕ್ಕಡಿಯೇ.

ಕೊಬ್ಬರಿ, ಬೆಲ್ಲ, ವಿನೆಗರ್ ಮಾರಲು ಬಂದರಿನ ಸಾಹುಕಾರರಿದ್ದರು. ಓಡ ಎಂದು ಕರೆಯುವ ಹಾಯಿಹಡಗಿನಲ್ಲಿ ಮಳೆಗಾಲ ಮುಗಿದ ಮೇಲೆ ಬರುವುದು, ಮುಂದಿನ ಮಳೆಗೆ ಮುಂಚೆ ಅಕ್ಕಿ ಮುಡಿ, ಬಟ್ಟೆ, ಉಪ್ಪು ತುಂಬಿಕೊಂಡು ಮರಳುವುದು. ಮುಂಗಡ ಪಡೆದವನು ಮುಂದಿನ ವರ್ಷದ ಸರಕನ್ನು ಅದೇ ಅಂಗಡಿಗೆ ತರಬೇಕು. ಹಡಗು ಮುಳುಗಿದರೂ ಸಾಲ ಮುಳುಗುವುದಿಲ್ಲ. ಆ ಸಾಹುಕಾರರಲ್ಲಿ ನಮ್ಮ ಸಮುದಾಯದವರೂ ಇದ್ದರು ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ದ್ವೀಪದವರಿಗೆ ಜಗಲಿಯಲ್ಲಿ ಹಾಸಿಗೆ, ಮನೆಯಲ್ಲಿ ಊಟ ಕೊಟ್ಟವರೂ ಅವರೇ.

ಕತ್ತ ತಯಾರಾಗುತ್ತಿದ್ದುದು ಹೆಂಗಸರ ಕೈಯಲ್ಲಿ. ಸಿಪ್ಪೆಯನ್ನು ತಿಂಗಳುಗಟ್ಟಲೆ ಕಡಲಂಚಿನ ಗುಂಡಿಗಳಲ್ಲಿ ಕೊಳೆ ಹಾಕಬೇಕು, ತೆಗೆದು ಬಡಿಯಬೇಕು, ಒಣಗಿಸಬೇಕು, ಅಂಗೈಯಲ್ಲಿ ಹೊಸೆಯಬೇಕು. ಮಂಗಳೂರಿನ ಗೋದಾಮಿನಲ್ಲಿ ಖಂಡಿ ಲೆಕ್ಕದಲ್ಲಿ ತೂಗಿದ ಪ್ರತಿಯೊಂದು ಕಟ್ಟಿನ ಹಿಂದೆಯೂ ಒಬ್ಬ ತಾಯಿಯ ಅಂಗೈ ಇತ್ತು. ದಫ್ತರದಲ್ಲಿ ಅವಳ ಹೆಸರಿಲ್ಲ. ಗಂಡಸರಿಗೂ ಬಿಟ್ಟಿ ಕೆಲಸ ಇತ್ತು. ತೆಂಗನ್ನು ತಿನ್ನುವ ಇಲಿಗಳನ್ನು ಕೊಲ್ಲಲು ಊರಿಗೆ ಊರೇ ಇಲಿಬೇಟೆಗೆ ಹೋಗಬೇಕೆಂಬ ಕಟ್ಟಳೆ. ಓದುವಾಗ ನಗು ಬರುತ್ತದೆ, ಆದರೆ ಒಂದು ಇಲಿ ತಿಂದ ಕಾಯಿ ಒಂದು ಸೇರು ಅಕ್ಕಿಯ ಕಡೆಗೆ ಹೋಗಬೇಕಾದ ಕಾಯಿ.

ದ್ವೀಪದ ಒಳಗಿನ ಕಥೆ ಇನ್ನೂ ಕಹಿ. ಭೂಮಿ ಮತ್ತು ಓಡ ಕೋಯರದ್ದು. ನಕ್ಷತ್ರ ನೋಡಿ, ರಹ್ಮಾನಿ ಎಂಬ ಕೈಬರಹದ ಪುಸ್ತಕ ನೋಡಿ ಹಡಗು ನಡೆಸುವವರು ಮಾಲ್ಮಿಗಳು. ಮರ ಹತ್ತಿ ಕಾಯಿ ಕೀಳುವವರು, ನೀರಾ ಇಳಿಸುವವರು ಮೇಲಾಚೇರಿಗಳು. ಮೇಲಾಚೇರಿಗೆ ಸ್ವಂತ ಓಡ ಇಲ್ಲ, ಕೊಡೆ ಹಿಡಿಯಲು, ಚಪ್ಪಲಿ ಮೆಟ್ಟಲು ಅಡ್ಡಿ. ಎಲ್ಲರೂ ಒಂದೇ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವವರು, ಮಸೀದಿಯಿಂದ ಹೊರಬಂದ ಕೂಡಲೇ ಒಬ್ಬನಿಗೆ ಕೊಡೆ, ಇನ್ನೊಬ್ಬನಿಗೆ ಬಿಸಿಲು.

ಆಸ್ತಿಯ ವಿಷಯ ಮಾತ್ರ ನಮ್ಮ ಕರಾವಳಿಯವರಿಗೆ ಬೇಗ ಅರ್ಥವಾಗುತ್ತದೆ. ಅಳಿಯಸಂತಾನ ಕಂಡ ನಾಡಲ್ಲವೇ ನಮ್ಮದು? ದ್ವೀಪದಲ್ಲೂ ತಾಯಿಯ ಕಡೆಯಿಂದ ನಡೆಯುವ ತರವಾಡು. ಅಲ್ಲಿ ಆಸ್ತಿಗೆ ವಾರದ ಹೆಸರು: ತರವಾಡಿನ ಪಿತ್ರಾರ್ಜಿತ ‘ಶುಕ್ರವಾರದ ಸೊತ್ತು’, ಸ್ವಂತ ದುಡಿದದ್ದು ‘ಸೋಮವಾರದ ಸೊತ್ತು’. ಶುಕ್ರವಾರದ್ದು ಹೆಣ್ಣಿನ ಸಂತಾನಕ್ಕೆ, ಸೋಮವಾರದ್ದು ಶರೀಅತ್ತಿನಂತೆ. ವಿದ್ವಾಂಸರು ಇದರ ಬಗ್ಗೆ ಏನೇ ಹೇಳಲಿ, ಗಂಡ ಓಡದಲ್ಲಿ ಹೋಗಿ ಹಿಂದಿರುಗದೆ ಇದ್ದರೂ ಹೆಂಡತಿ ಮಕ್ಕಳ ತಲೆಯ ಮೇಲಿನ ಸೂರು ಅಲುಗುತ್ತಿರಲಿಲ್ಲ. ಸಮುದ್ರ ನಂಬಿ ಬದುಕುವ ಊರಿಗೆ ಅದು ಸಣ್ಣ ಮಾತಲ್ಲ.

1956ರ ನವೆಂಬರ್ 1ರಂದು ನಮ್ಮ ಜಿಲ್ಲೆಯಿಂದ ಎರಡು ಭಾಗ ಬೇರೆಯಾದವು. ಕಾಸರಗೋಡು ಕೇರಳಕ್ಕೆ ಹೋಯಿತು. ಅದಕ್ಕಾಗಿ ಕನ್ನಡ ನಾಡು ಇಂದಿಗೂ ಮರುಗುತ್ತದೆ. ಅದೇ ದಿನ ಅಮೀನ್‌ದೀವಿಯೂ ಹೋಗಿ ಹೊಸ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿತು. ಅದಕ್ಕಾಗಿ ಯಾರೂ ಒಂದು ಸಭೆ ಕರೆದದ್ದು ನಮಗೆ ತಿಳಿಯದು. ದ್ವೀಪದವರಿಗೂ ದುಃಖ ಪಡಲು ಕಾರಣವಿರಲಿಲ್ಲ. 1951ರಲ್ಲಿ ಲಕ್ಷದ್ವೀಪದಲ್ಲಿ ಓದು ಬಲ್ಲವರು ನೂರಕ್ಕೆ 15ರಷ್ಟು. 2011ರ ವೇಳೆಗೆ ನೂರಕ್ಕೆ 91 ದಾಟಿತು. 1960ರ ದಶಕದಲ್ಲಿ ಸಹಕಾರಿ ಸಂಘಗಳು ಬಂದು ಕೊಬ್ಬರಿ ಕೊಳ್ಳತೊಡಗಿದಾಗ ಸಾಹುಕಾರನ ಹಿಡಿತ ಸಡಿಲಿತು. 1964ರಲ್ಲಿ ಆಡಳಿತ ಕಛೇರಿ ಕೋಝಿಕೋಡಿನಿಂದ ಕವರತ್ತಿಗೆ ಹೋಯಿತು, ಅಂದರೆ ಮೊದಲ ಬಾರಿಗೆ ದ್ವೀಪದ ಆಡಳಿತ ದ್ವೀಪದಲ್ಲೇ ಕೂತಿತು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಓದಿದ ಪಿ.ಎಂ. ಸಯೀದ್ 1967ರಲ್ಲಿ ಚುನಾವಣೆ ಗೆದ್ದು ಲೋಕಸಭೆಗೆ ಹೋದರು, ಮುಂದೆ ಅದರ ಉಪಸಭಾಧ್ಯಕ್ಷರೂ ಆದರು.

ದಕ್ಷಿಣಕ್ಕೆ ಮಾಲ್ಡೀವ್ಸ್ ಇದೆ. ಅದೇ ಹವಳ, ಅದೇ ತೆಂಗು, ಅದೇ ಮೀನು. ಅದು 1965ರಲ್ಲಿ ಸ್ವತಂತ್ರ ದೇಶವಾಯಿತು, 1972ರಿಂದ ಪ್ರವಾಸಿಗಳಿಗೆ ಬಾಗಿಲು ತೆರೆಯಿತು. ಆದರೂ ಅನ್ನಕ್ಕೆ ಅದು ಇಂದಿಗೂ ಹೊರಗಿನ ಹಡಗನ್ನೇ ಕಾಯುತ್ತದೆ. ಬಾವುಟ ಯಾವುದೇ ಇರಲಿ, ದ್ವೀಪದ ಒಲೆ ದೂರದ ಬಂದರಿನ ದರಕ್ಕೆ ತಕ್ಕಂತೆ ಉರಿಯುತ್ತದೆ.

ದ್ವೀಪದವರು ಈಗ ಇಲ್ಲಿಗೆ ಬರುವುದು ಕತ್ತ ಹೊತ್ತುಕೊಂಡಲ್ಲ. ಆಸ್ಪತ್ರೆಗೆ, ಕಾಲೇಜಿಗೆ, ಮದುವೆಯ ಬಟ್ಟೆಗೆ ಬರುತ್ತಾರೆ. ಬಂದರಿನ ಓಣಿಗಳಲ್ಲಿ ಕೋಣೆ ಹುಡುಕುತ್ತಾರೆ, ಅವರ ಜೆಸರಿ ಮಾತು ನಮ್ಮ ಬ್ಯಾರಿಯ ಕಿವಿಗೆ ಅರ್ಧ ಅರ್ಥವಾಗುತ್ತದೆ. ಒಂದು ವಾರದ ಬಾಡಿಗೆ, ಆಟೋದ ದರ, ಅಂಗಡಿಯ ಚೀಟಿ ಇವನ್ನೆಲ್ಲ ಹೇಳುವವರು ನಾವೇ, ಬೆಲೆ ಗೊತ್ತಿಲ್ಲದೆ ಒಪ್ಪುವವರು ಅವರು. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಂಜಿಗಳು ಕಡಲಿಗಿಳಿಯುವಂತಿಲ್ಲ. ಅದಕ್ಕೆ ಮುಂಚಿನ ವಾರಗಳಲ್ಲಿ ದಕ್ಕೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಳೆಗಾಲದ ಅಕ್ಕಿ ಆಗಲೇ ಹೋಗಬೇಕು.